ಕಡಲಿಗೆ ಕಟ್ಟು ಹಾಕಿದವರು

ಊರಿನಲ್ಲಿ ಯಾರ ಮನೆಯ ಯಾವ ಪಟ ಸೊಟ್ಟಗಿದೆ ಎಂಬುದು ಆ ಮನೆಯವರಿಗಿಂತ ಮೊದಲು ರಸಮಟ್ಟದವರಿಗೆ ಗೊತ್ತಾಗುತ್ತಿತ್ತು. ಫೋಟೋಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡುವ ಪುಟ್ಟ ರಸಮಟ್ಟವೊಂದು ಸದಾ ಅವರ ಜೇಬಿನಲ್ಲಿರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ವೋಟು ಹಾಕುವ ದಿನ ಮಾತ್ರ ಯಾರಾದರೂ ಕೂಗುತ್ತಿದ್ದರು.

ಹಲ್ಲಿನ ಡಾಕ್ಟರ ಬಳಿ ಹೋದರೆ ಬಾಯಿ ತೆರೆದುಕೊಂಡೇ ಎದುರಿನ ಗೋಡೆಯ ಸರ್ಟಿಫಿಕೇಟಿನತ್ತ ಬೆರಳು ಮಾಡುವರು; ಅದು ನೆಟ್ಟಗಾಗುವವರೆಗೆ ಹಲ್ಲು ಕೀಳಿಸಿಕೊಳ್ಳರು. ಸಾವಿನ ಮನೆಗೆ ಹೋದರೆ ತೀರಿಕೊಂಡವರ ಪಟವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಆಮೇಲೆ ದುಃಖಪಡುವರು. ಮಗಳ ಮದುವೆಯ ಫೋಟೋಗಳಲ್ಲಂತೂ ಒಂದನ್ನೂ ಬಿಡದಂತೆ ಅಂಚಿನಿಂದ ಒಂದು ಕೈ ಚಾಚಿಕೊಂಡಿದೆ. ಅಳಿಯನ ಕಾಲರ್ ಸರಿಮಾಡುತ್ತಿರುವ ಕೈ. ಆಲ್ಬಂ ನೋಡಿದವರು ಮದುಮಗನಿಗೆ ಮೂರು ಕೈಯೇ ಎಂದು ಕೇಳಿದ್ದುಂಟು.

ಕೆಟ್ಟವರಲ್ಲ. ಯಾರ ಮೇಲೂ ದನಿ ಏರಿಸಿದವರಲ್ಲ. ತಮಗೆ ಇಷ್ಟವಾದದ್ದನ್ನು ಸರಿಮಾಡುವರು, ಅಷ್ಟೇ. ಹೆಚ್ಚು ಇಷ್ಟವಾದರೆ ಹೆಚ್ಚು ಸರಿಮಾಡುವರು. ಹೀಗಾಗಿ ಅವರ ಕೈಗೆ ಎಲ್ಲರಿಗಿಂತ ಹೆಚ್ಚಾಗಿ ಸಿಕ್ಕಿದ್ದವಳು ಒಬ್ಬಳೇ ಮಗಳು. ಅವಳ ಬೈತಲೆ, ಅವಳ ಅಕ್ಷರ, ಅವಳು ಕೂರುವ ಭಂಗಿ, ನಗುವಾಗ ಒಂದು ಕಡೆ ವಾಲುವ ತುಟಿ, ಎಲ್ಲಕ್ಕೂ ರಸಮಟ್ಟ ಬಿದ್ದಿತ್ತು.

ಹಿಂದಿನ ರಜೆಯಲ್ಲಿ ಆ ಮಗಳ ಮಗಳು ತಾತನ ಮನೆಯಲ್ಲಿದ್ದು ಹೋಗಿದ್ದಳು. ಹೋದವಳು ಪೆನ್ಸಿಲುಗಳನ್ನು ಉದ್ದಕ್ಕೆ ತಕ್ಕಂತೆ ಜೋಡಿಸತೊಡಗಿದಳು. ಬಣ್ಣ ಗೆರೆ ದಾಟಿದರೆ ಹಾಳೆ ಹರಿದು ಹಾಕಿ ಅಳತೊಡಗಿದಳು. ಈ ರಜೆಗೂ ಮಗುವನ್ನು ಕಳಿಸು ಎಂದು ರಸಮಟ್ಟದವರು ಫೋನಿನಲ್ಲಿ ಕೇಳಿದಾಗ ಮಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಭಾನುವಾರ ಗಂಡನ ಜೊತೆ ಕಾರಿನಲ್ಲಿ ಒಂದು ಸಣ್ಣ ಗಾಜಿನ ತೊಟ್ಟಿ, ಕ್ಯಾನುಗಳಲ್ಲಿ ಉಪ್ಪುನೀರು, ರಂಧ್ರ ರಂಧ್ರದ ಕಲ್ಲುಗಳು, ಒಂದು ದೀಪ, ಒಂದು ಪಂಪು ಎಲ್ಲ ತಂದು ನಡುಮನೆಯಲ್ಲಿ ಜೋಡಿಸಿದಳು. ಅವಳ ಮನೆಯಲ್ಲಿ ವರ್ಷದಿಂದ ಚೆನ್ನಾಗಿ ನಡೆಯುತ್ತಿದ್ದ ತೊಟ್ಟಿಯೇ ಅದು. ಕಲ್ಲಿನ ಮೇಲೆ ಒಂದು ಮೆದು ಹವಳ. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲಲ್ಲ, ಜೀವವಿರುವ ಹವಳ. ಅಣಬೆಯಂತೆ ದಪ್ಪ ಕಾಂಡ, ಮೇಲೆ ಚರ್ಮದಂಥ ಕೊಡೆ, ಕೊಡೆಯ ತುಂಬ ನೀರಿನಲ್ಲಿ ಓಲಾಡುವ ಎಳೆಗಳು. ತನ್ನ ದೊಡ್ಡ ಹವಳದಿಂದ ಕತ್ತರಿಸಿ ಬೆಳೆಸಿದ್ದಂತೆ.

ಆರೈಕೆಯನ್ನೂ ಅವಳೇ ಹೇಳಿಕೊಟ್ಟಳು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಗುರುತಿಗಿಂತ ಕೆಳಗಿಳಿದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ತುಂಬಿಸಬೇಕು. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ದೀಪ ತಾನೇ ಹತ್ತಿ ತಾನೇ ಆರುತ್ತದೆ.

"ಮಿಕ್ಕಿದ್ದಕ್ಕೆಲ್ಲ ಸುಮ್ಮನಿರಬೇಕಪ್ಪಾ. ಕೈ ಹಾಕ್ಬಾರ್ದು" ಎಂದಳು. "ರಜೆ ಶುರುವಾದಾಗ ಬರ್ತೀನಿ. ಇದು ಚೆನ್ನಾಗಿದ್ರೆ ಮಗೂನ ಬಿಟ್ಟು ಹೋಗ್ತೀನಿ."

"ಏನಮ್ಮಾ, ನನಗೇ ಪರೀಕ್ಷೆನಾ?"

"ಹಾಗಂತಲೇ ಇಟ್ಕೊಳ್ಳಿ."

ರಸಮಟ್ಟದವರು ನಕ್ಕುಬಿಟ್ಟರು. ಇಷ್ಟು ವರ್ಷ ಗಾಜು ಕೊಯ್ದವರಿಗೆ ಒಂದು ಗಾಜಿನ ತೊಟ್ಟಿ ಯಾವ ಲೆಕ್ಕ?

ಆದರೆ ಕಟ್ಟಿಲ್ಲದ ಗಾಜು ನಡುಮನೆಯಲ್ಲಿ ಹಾಗೆ ನಿಂತಿದ್ದರೆ, ಬಟ್ಟೆಯಿಲ್ಲದ ಅತಿಥಿಯೊಬ್ಬರು ಬಂದು ಕೂತಂತೆ ಅವರಿಗೆ ಕಸಿವಿಸಿ. ಮರುದಿನವೇ ಅಂಗಡಿಯಲ್ಲಿ ತೇಗದ ಪಟ್ಟಿ ಕೊಯ್ದರು. ಒಳಅಂಚಿಗೆ ಚಿನ್ನದ ಬಣ್ಣದ ಸಣ್ಣ ಪಟ್ಟಿ, ಮೇಲ್ಭಾಗದಲ್ಲಿ ಅಲೆಗಳ ಕೆತ್ತನೆ. ಜೀವಮಾನದಲ್ಲೇ ಅಂಥ ಕಟ್ಟು ಮಾಡಿರಲಿಲ್ಲ. ಕೆತ್ತನೆಗೆ ಜಾಗ ಸಾಲದೆ ದೀಪವನ್ನು ಮಾತ್ರ ಬಲಮೂಲೆಗೆ ಸರಿಸಬೇಕಾಯಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಬಂದು ದೂರ ನಿಂತು, ಹತ್ತಿರ ನಿಂತು, ತಲೆದೂಗಿದರು.

"ಬಹಳ ಚೆನ್ನಾಗಿದೆ" ಎಂದರು. "ಒಳಗೆ ಏನು ಹಾಕ್ತೀರಿ?"

ಕೆಲವು ದಿನಗಳಲ್ಲಿ ಹವಳ ಬಲಕ್ಕೆ ವಾಲತೊಡಗಿತು. ಬೇರೆಯವರ ಗಮನಕ್ಕೂ ಬಾರದಷ್ಟು ಸಣ್ಣ ವಾಲು. ರಸಮಟ್ಟದವರಿಗೆ ಅನ್ನ ಸೇರಲಿಲ್ಲ. ಅಂಗಿಯ ತೋಳು ಮಡಚಿ ಕೈಯಿಳಿಸಿ, ಬೆರಳಿನಿಂದ ಕಾಂಡವನ್ನು ಎಡಕ್ಕೆ ತಿರುಗಿಸಿ ಕೂರಿಸಿದರು. ಹವಳ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಹಳೆಯ ಚಪ್ಪಲಿಯ ಅಟ್ಟೆಯಂತಾಯಿತು. ಸ್ವಲ್ಪ ಹೊತ್ತಿಗೆ ಅರಳಿತು, ಮತ್ತೆ ಬಲಕ್ಕೇ ವಾಲಿತು. ಮತ್ತೆ ತಿರುಗಿಸಿದರು. ಒಂದು ದಿನ ರಸಮಟ್ಟವನ್ನೇ ನೀರಿಗಿಳಿಸಿ ಕೊಡೆಯ ಮೇಲೆ ಇಟ್ಟು ನೋಡಿದರಂತೆ. ಕಲ್ಲು ಸೊಟ್ಟಗಿದೆಯೆಂದು ಕಲ್ಲನ್ನು ತಿರುಗಿಸಿದರು. ನೀರಿನ ಸೆಳೆತ ಜಾಸ್ತಿಯಾಯಿತೆಂದು ಪಂಪನ್ನು ಸರಿಸಿದರು. ಕೊನೆಗೆ ಹವಳ ಅರಳುವುದನ್ನೇ ಬಿಟ್ಟಿತು.

ಮೀನಿನ ಅಂಗಡಿಯವನಿಗೆ ಫೋನ್ ಮಾಡಿದರು. ಅವನು ನೀರಿನ ಉಪ್ಪು, ಬಿಸಿ ಎಲ್ಲ ವಿಚಾರಿಸಿ, ಕೈಯೇನಾದರೂ ಹಾಕುತ್ತೀರಾ ಎಂದು ಕೇಳಿದ. ಸ್ವಲ್ಪ ಎಂದರು ಇವರು. ಸ್ವಲ್ಪವೆಂದರೆ ಎಷ್ಟು ಎಂದು ಕೇಳಿದ. ತಿಂಡಿಗೆ ಮುಂಚೆ ಮಾತ್ರ ಎಂದರು.

"ಊಟಕ್ಕೆ ಬಂದಾಗ್ಲೂ" ಎಂದರು ಅವರ ಹೆಂಡತಿ ಅಡುಗೆಮನೆಯಿಂದ, ಫೋನಿಗೆ ಕೇಳುವ ಹಾಗೆ. "ಅಂಗಡಿಗೆ ವಾಪಸ್ ಹೋಗೋ ಮುಂಚೆ ಇನ್ನೊಂದ್ಸಲ. ವಾರ್ನಿಷ್ ಕೈಲೇ."

ಕೈಗಂಟಿದ ವಾರ್ನಿಷ್ ನೀರಿಗೆ ಸೇರಿದರೆ ಹವಳ ಉಳಿಯುವುದೇ ಕಷ್ಟ, ಮೊದಲು ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ, ಆಮೇಲೆ ಕೈ ಕಟ್ಟಿಕೊಂಡು ಕೂತು ನೋಡಿ ಎಂದ ಅಂಗಡಿಯವನು.

ಫೋನಿಟ್ಟ ಮೇಲೆ ರಸಮಟ್ಟದವರು ತೊಟ್ಟಿಯ ಮುಂದೆ ನಿಂತರು. ಕೈ ಆಗಲೇ ತೋಳು ಮಡಚುತ್ತಿತ್ತು.

"ನಮ್ಮ ಹುಡುಗೀನೂ ಹೀಗೇ ಮುದುಡ್ಕೊಳ್ತಿದ್ಲು ರೀ" ಎಂದರು ಹೆಂಡತಿ, ಪಾತ್ರೆ ಒರೆಸುತ್ತ. "ನೀವು ಬಾಚಣಿಗೆ ಹಿಡ್ಕೊಂಡು ಬರೋದು ಕಂಡ್ರೆ."

ಗಂಡ ಮಡಚಿದ ತೋಳನ್ನು ಇಳಿಸಿಕೊಂಡರು. ಕುರ್ಚಿ ಎಳೆದು ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಕೈಗಳಿಗೆ ಸುಮ್ಮನಿರುವ ಅಭ್ಯಾಸವಿರಲಿಲ್ಲ. ಒಂದಲ್ಲ ಒಂದು ನೆಪ ಮಾಡಿಕೊಂಡು ಹೊರಬರಲು ನೋಡುತ್ತಿದ್ದವು. ಅಂದಿನಿಂದ ನೀರು ಬದಲಿಸುವಷ್ಟು ಹೊತ್ತು ಬಿಟ್ಟರೆ ಬಿಡುವಾದಾಗಲೆಲ್ಲ ಅದೇ ಕೂರುವಿಕೆ. ತೊಟ್ಟಿ ಬಂದ ಮೇಲೆ ಅವರು ಅದನ್ನು ಸುಮ್ಮನೆ ನೋಡಿದ್ದು ಅದೇ ಮೊದಲು. ಕಲ್ಲಿನ ಸಂದಿಯಿಂದ ಗುಲಾಬಿ ಬಣ್ಣದ ಹುಳುವೊಂದು ಇಣುಕಿ ಹೋಗುತ್ತದೆಂಬುದು ಗೊತ್ತಾಯಿತು. ಹವಳದ ಎಡಭಾಗದ ಮೇಲೆ ಅಲೆಯಾಕಾರದ ನೆರಳು ಬಿದ್ದಿದೆಯೆಂಬುದು ಗೊತ್ತಾಯಿತು.

ದೇವರು ತನ್ನ ಸೃಷ್ಟಿಯನ್ನು ಮೊಳೆ ಹೊಡೆದು ನೇತುಹಾಕಿಲ್ಲ ಎಂಬ ಮಾತು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತೆಂದರೆ ಸುಳ್ಳಾದೀತು. ಅವರಿಗೆ ಹೊಳೆದದ್ದು, ದೀಪ ಸೊಟ್ಟಗಿದೆ ಎಂದು. ಕಟ್ಟಿನ ಅಲೆ ಬೆಳಕನ್ನು ತಡೆದಿತ್ತು. ಹವಳ ಪಾಪ ಬೆಳಕಿದ್ದ ಕಡೆಗೆ ಬಾಗಿತ್ತು. ಅದನ್ನೇ ಹಿಡಿದು ದಿನಾ ಕತ್ತಲೆಗೆ ತಿರುಗಿಸಿದ್ದರು ಇವರು.

ದೀಪ ನಡುವಿಗೆ ಬರಬೇಕಾದರೆ ಕಟ್ಟು ಹೋಗಬೇಕು. ಒಂದಿಡೀ ಬೆಳಿಗ್ಗೆ ಬೇರೆ ದಾರಿ ಹುಡುಕಿದರು; ಸಿಗಲಿಲ್ಲ. ಹಿಂದಿನ ಗೋಡೆಗೆ ಹಾಕಿದ್ದ ಸ್ಕ್ರೂ ಬಿಚ್ಚಿ, ಕಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ಎಲ್ಲಿ ಹೋಯಿತೆಂದು ಕೇಳಿದ ಪೋಸ್ಟ್‌ಮಾಸ್ಟರರಿಗೆ ಪಾಲಿಶ್‌ಗೆ ಕೊಟ್ಟಿದೆ ಎಂದರು.

ಅಷ್ಟು ಮಾಡಿದರೂ ಹವಳಕ್ಕೆ ಕರುಣೆ ಬರಲಿಲ್ಲ. ಮಗಳು ಬರುವ ದಿನ ಹತ್ತಿರವಾದಂತೆ ಅದರ ಮೈಮೇಲೆ ಮೇಣ ಬಳಿದಂಥ ಪೊರೆ ಕಟ್ಟಿತು. ಪೊರೆ ಬಿಡುತ್ತಿರಬಹುದು ಅಥವಾ ಸಾಯುತ್ತಿರಬಹುದು, ಎರಡೂ ನೋಡಲು ಒಂದೇ ಥರ ಎಂದ ಅಂಗಡಿಯವನು. ಮೆತ್ತನೆಯ ಬ್ರಷ್ಷಿನಲ್ಲಿ ಒಮ್ಮೆ ಸವರಿದರೆ ಪೊರೆ ಹೋಗಬಹುದಲ್ಲ ಎಂದು ರಸಮಟ್ಟದವರಿಗೆ ಅನಿಸಿತು. ಅನಿಸಿದ ಕೂಡಲೇ, ಕೈ ನೀರಿಗಿಳಿಯುವ ಮುಂಚೆ, ಎದ್ದು ತಮ್ಮ ಅಂಗಡಿಗೆ ಹೋದರು. ಅಲ್ಲಿ ಗಿರಾಕಿಯೊಬ್ಬರ ಪಟಕ್ಕೆ ಕಟ್ಟು ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ಮನೆಯಲ್ಲಿದ್ದ ಬ್ರಷ್ಷುಗಳನ್ನೆಲ್ಲ ಹೆಂಡತಿ ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದರು.

ಮಗಳು ಬಂದಳು. ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ಕೂತಳು. ಹವಳ ಅರಳಿರಲಿಲ್ಲ. ಬಲಕ್ಕೆ ವಾಲಿಕೊಂಡು, ಮೈತುಂಬ ಪೊರೆ ಹೊದ್ದು ನಿಂತಿತ್ತು. ರಸಮಟ್ಟದವರು ಕುರ್ಚಿಯಲ್ಲಿ ಕೈಗಳ ಮೇಲೆ ಕೂತು, ಹೇಳಬೇಕೆಂದು ಜೋಡಿಸಿಟ್ಟ ಮಾತುಗಳನ್ನೆಲ್ಲ ಮರೆತರು.

"ಸೊಟ್ಟಗಿದೆಯಲ್ಲಪ್ಪಾ" ಎಂದಳು ಮಗಳು.

"ಇದೆ."

"ನೀವು ನೆಟ್ಟಗೆ ಮಾಡ್ಲಿಲ್ವಾ?"

"ಮಾಡಿದ್ದೆ. ಈಗ ಬಿಟ್ಟಿದೀನಿ. ಅದೇ ಮೇಲಕ್ಕೆ ತಿರುಗಿದ್ರೆ ತಿರುಗ್ಲಿ" ಎಂದರು. ಯಾರು ಈ ಮಾತಾಡಿದ್ದು ಎಂಬಂತೆ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರು.

ಮಗಳು ಗೋಡೆಯ ಮೇಲಿನ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿದಳು. ಕಟ್ಟಿನ ಸುದ್ದಿ ಅಮ್ಮನಿಂದ ಫೋನಿನಲ್ಲಿ ತಲುಪಿತ್ತು. ಮತ್ತೆ ಬಗ್ಗಿ ಗಾಜಿಗೆ ಮುಖ ಹಚ್ಚಿದಳು. ಕೊಡೆಯ ಒಂದಂಚಿನಲ್ಲಿ ಪೊರೆ ಹರಿದು, ಸಂದಿಯಿಂದ ನಾಲ್ಕಾರು ಎಳೆಗಳು ಹೊರಬಂದಿದ್ದವು. ಅವು ಬೆಳಕಿನತ್ತ, ನೇರ ಮೇಲಕ್ಕೆ ಚಾಚಿದ್ದವು. ನೋಡಿ ನಕ್ಕಳು, ನಗುವಾಗ ತುಟಿ ಒಂದು ಕಡೆ ವಾಲಿತು. ರಸಮಟ್ಟದವರು ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಅವಳು ಬಾಗಿಲಲ್ಲಿದ್ದ ಗಂಡನಿಗೆ ಮಗುವಿನ ಬ್ಯಾಗು ಒಳಗೆ ತರಲು ಹೇಳಿದಳು.

ಬ್ಯಾಗಿಗಿಂತ ಮುಂಚೆ ಮಗು ಓಡಿ ಬಂತು. ಎಡಗಾಲಿನ ಶೂ ಬಲಗಾಲಲ್ಲಿ, ಬಲಗಾಲಿನದು ಎಡಗಾಲಲ್ಲಿ. ತಾತನ ಕಣ್ಣು ಅಲ್ಲೇ ನೆಟ್ಟಿತು.

"ಉಲ್ಟಾ ಇದೆ" ಎಂದಿತು ಮಗು. "ನಂಗೊತ್ತು. ನಾನೇ ಹಾಕ್ಕೊಂಡಿದ್ದು."

"ನೋವಾಗಲ್ವಾ ಪುಟ್ಟಿ?"

"ಸ್ವಲ್ಪ ಆಗುತ್ತೆ."

ತೊಡೆಯ ಕೆಳಗಿನ ಕೈಗಳು ಒದ್ದಾಡಿದವು. ತಾತ ಇನ್ನಷ್ಟು ಭಾರ ಹಾಕಿ ಕೂತು, ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಜಾಗ ಮಾಡಿಕೊಟ್ಟರು. ಮಗು ಹತ್ತಿ ಕೂತಿತು. ತಾತನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ತೊಟ್ಟಿಯ ಕಡೆ ತಿರುಗಿತು. ಪೆನ್ಸಿಲಿನ ಚಟಕ್ಕಿಂತ ಇದು ವಾಸಿ ಎಂದುಕೊಂಡು ಮಗಳು ಟೀ ಕುಡಿಯಲು ಒಳಗೆ ಹೋದಳು.