ಉಗುರ ಸಂದಿಯ ಬೂಷ್ಟು

ಅಕ್ಕನ ಉಗುರ ಸಂದಿಯಲ್ಲಿ ಸದಾ ಬಿಳಿ ಬೂಷ್ಟು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಮುದ್ದೆ ಮುರಿದು, "ತಗೊಳ್ಳೇ, ಉಪ್ಸಾರೈತೆ" ಎಂದು ಕೊಡಲು ಬಂದರೆ ನಾನು ಮುಖ ತಿರುಗಿಸುತ್ತಿದ್ದೆ. "ಹಸಿವಿಲ್ಲ ಅಕ್ಕ" ಎನ್ನುತ್ತಿದ್ದೆ. ಸುಳ್ಳೆಂದು ಆಕೆಗೂ ಗೊತ್ತಿತ್ತು.

ಒಡಹುಟ್ಟಿದವಳಲ್ಲ, ವಯಸ್ಸಿನಲ್ಲಿ ಹಿರಿಯಳೆಂದು ಅಕ್ಕ ಎನ್ನುತ್ತಿದ್ದೆ; ಮಾಕಳಿದುರ್ಗದ ದಾರಿಯಲ್ಲಿದ್ದ ಶೆಡ್ಡೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಹತ್ತಿಯ ಹುಳಕ್ಕೆ ರೋಗ ತಗುಲಿಸಿ ಕೊಲ್ಲುವ ಶಿಲೀಂಧ್ರವನ್ನು ಬೇಯಿಸಿದ ನುಚ್ಚಕ್ಕಿಯ ಮೇಲೆ ಬೆಳೆಸಿ, ಪುಡಿ ಮಾಡಿ, ರಾಯಚೂರಿನ ಕಡೆ ಕಳಿಸುವುದು. ಬೆಳೆಸುವವಳು ಅಕ್ಕ. ಪರೀಕ್ಷೆ ಮಾಡಿ ಪ್ಯಾಕೆಟ್ಟಿನ ಲೇಬಲ್ಲಿಗೆ ಸಹಿ ಹಾಕುವವಳು, ಬಿ.ಎಸ್ಸಿ. ಓದಿದ ನಾನು.

ನನ್ನ ಪರೀಕ್ಷೆಯನ್ನು ಆಕೆ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಶೆಡ್ಡಿನ ಹಿಂದೆ ನಾಲ್ಕು ಸಾಲು ಹತ್ತಿ ಹಾಕಿಕೊಂಡಿದ್ದಳು. ಅದರ ಹುಳ ಹಿಡಿದು, ಪುಡಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಡುವಳು. ಹುಳ ಸತ್ತು ಮೈತುಂಬ ಬೂಷ್ಟು ಬಂದರೆ, "ನೋಡೇ, ಹೂ ಬಿಟ್ಟೈತೆ!" ಎಂದು ನನ್ನ ಮೂಗಿಗೇ ಹಿಡಿಯುವಳು. ಥೂ!

ಒಂದು ಬೇಸಿಗೆಯಲ್ಲಿ ತಂಪು ಕೋಣೆಯ ಏಸಿ ಕೆಟ್ಟು ದಾಸ್ತಾನೆಲ್ಲ ಬಿಸಿಗೆ ಸಿಕ್ಕಿತು. ಆ ಪುಡಿಯಲ್ಲಿ ಹೊರಳಿಸಿಟ್ಟ ಹುಳಗಳು ಅಕ್ಕನ ಡಬ್ಬಿಯಲ್ಲಿ ಆರಾಮಾಗಿ ಎಲೆ ತಿನ್ನುತ್ತಿದ್ದವು.

"ಪುಡಿ ಸತ್ತೋಗೈತೆ ಸಾರ್, ಕಳಿಸ್ಬೇಡಿ" ಎಂದಳು.

ಮಾಲೀಕ ನಕ್ಕ. "ನೋಡಕ್ಕೆ ಹಂಗೇ ಐತಲ್ಲಮ್ಮ. ರೈತ್ರಿಗೇನ್ ಗೊತ್ತಾಗ್ತದೆ?"

"ರೈತ್ರಿಗೆ ಗೊತ್ತಾಗಲ್ಲ, ಹುಳಕ್ಕೆ ಗೊತ್ತಾಗ್ತದೆ. ಅಷ್ಟ್ರಲ್ಲಿ ಅವ್ರ ಕಾಯೆಲ್ಲ ತೂತು!"

ಅವನು ಲೇಬಲ್ಲಿನ ಕಟ್ಟನ್ನು ನನ್ನ ಮುಂದೆ ತಳ್ಳಿದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಸಹಿ ಹಾಕಿದೆ. ಹಾಕಿ, ಎಂದಿನಂತೆ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಅಸಹ್ಯ! ನೆನೆದರೆ ಈಗಲೂ ಹೇಸಿಗೆ, ಅವನ ಮೇಲಲ್ಲ, ನನ್ನ ಮೇಲೆ.

ಅಕ್ಕ ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು, "ಓದ್ದೋಳು ಕಣೇ ನೀನು" ಎಂದಷ್ಟೇ ಹೇಳಿ ಹೊರಟುಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಆ ಮಳೆಗಾಲ ರೈತನೊಬ್ಬನ ಫೋನು ಬಂತು. "ನಿಮ್ಮ ಸಹಿ ನೋಡೇ ಹೊಡದೀನ್ರೀ. ಕಾಯೆಲ್ಲಾ ಹುಳ ತಿಂದಾವು." ಫೋನಿಟ್ಟವಳೇ ಕೆಲಸ ಬಿಟ್ಟೆ.

ಈಗ ಇನ್ನೊಂದು ಕಡೆ ಅದೇ ಶಿಲೀಂಧ್ರವನ್ನು ನಾನೇ ಬೆಳೆಸುತ್ತೇನೆ. ಡಬ್ಬಿಯಲ್ಲಿ ಹುಳ ಬೂಷ್ಟು ಹಿಡಿಯದೆ ಯಾವ ಲೇಬಲ್ಲಿಗೂ ಸಹಿ ಹಾಕುವುದಿಲ್ಲ. ಇದನ್ನು ಹೇಳೋಣವೆಂದು ಅಕ್ಕನ ಊರಿಗೆ ಹೋದರೆ, ಆಕೆ ತೀರಿಕೊಂಡು ತಿಂಗಳಾಗಿತ್ತು. ಸೊಸೆ ಮುದ್ದೆ, ಉಪ್ಸಾರು ಬಡಿಸಿದಳು. ಕೈ ತೊಳೆದೆ. ಉಗುರ ಸಂದಿಯ ಬೂಷ್ಟು ಹೋಗಲಿಲ್ಲ. ಹಾಗೇ ಮುದ್ದೆ ಮುರಿದು ಉಂಡೆ.