ಅಯ್ಯನವರ ಗಂಟಲಿಗೆ ಕಾವಲು

ಅರಕಲಗೂಡಿನ ನಮ್ಮ ಪುಟ್ಟ ಕ್ರೈಸ್ತ ಸಭೆಯವರು ಪಾಸ್ಟರರನ್ನು ಅಯ್ಯನವರು ಎನ್ನುತ್ತೇವೆ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಆರಾಧನೆ, ಮಧ್ಯಾಹ್ನ ಹೊಳೆನರಸೀಪುರದಲ್ಲಿ, ಸಂಜೆ ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಪ್ರಾರ್ಥನೆ. ಕರೆಂಟು ಕೈಕೊಟ್ಟರೆ ಮೈಕಿಲ್ಲ. ಕೊನೆಯ ಬೆಂಚಿನವರು ತೂಕಡಿಸದ ಹಾಗೆ ಕೂಗಬೇಕು. ಹೀಗೆ ಕೂಗಿ ಕೂಗಿ ಒಂದು ಸೋಮವಾರ ಅವರ ದನಿಯೇ ಹೊರಡದಂತಾಯಿತು. ಹಾಸನದ ಡಾಕ್ಟರು ನೋಡಿ, ಎರಡು ವಾರ ಪಿಸುಮಾತೂ ಆಡಕೂಡದು, ಆಡಿದರೆ ದನಿ ಮತ್ತೆ ಬರುತ್ತದೆಂಬ ಭರವಸೆ ಕೊಡಲಾರೆ ಎಂದರಂತೆ. ಪ್ರಸಂಗ, ಅಂದರೆ ದೇವರ ವಾಕ್ಯದ ಬೋಧನೆ, ಮಾಡುವುದೇ ಕೆಲಸವಾದ ಮನುಷ್ಯನಿಗೆ ಎಂಥ ಪೆಟ್ಟು ನೋಡಿ.

ಅಯ್ಯನವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಬೇಕೆಂದು ಸಭೆಯ ಹಿರಿಯರು ತೀರ್ಮಾನಿಸಿದರು. ತೀರ್ಮಾನವೇನೋ ಸರಿಯೇ. ಆದರೆ ಕಾಯಿಲೆ ಬಿದ್ದವರನ್ನು ಮಾತಾಡಿಸಿಕೊಂಡು ಬರದಿದ್ದರೆ ನಮ್ಮ ಜನಕ್ಕೆ ಉಂಡದ್ದು ಜೀರ್ಣವಾಗುವುದಿಲ್ಲ. ಮಾರನೆಯ ದಿನವೇ ಅವರ ಜಗುಲಿಯ ಮೇಲೆ ಶುಂಠಿಯ ಗುಡ್ಡೆ ಬಿದ್ದಿತ್ತು. ಒಬ್ಬಾಕೆ ಮೆಣಸಿನ ಕಷಾಯ ತಂದಳು, ಇನ್ನೊಬ್ಬಾಕೆ ಅರಿಶಿನದ ಹಾಲು, ಮತ್ತೊಂದು ಮನೆಯಿಂದ ನಾಟಿ ಕೋಳಿ ಸಾರು. ಎಲ್ಲರೂ ಎದುರಿಗೇ ಕುಡಿಸಿ, ಈಗ ಹೇಗಿದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತ ಕೂತರು. ಕೈಸನ್ನೆ ಮಾಡಿದರೆ ಒಬ್ಬರಿಗೂ ಸಮಾಧಾನವಿಲ್ಲ.

ಅಮ್ಮನವರು, ಅಂದರೆ ಅವರ ಹೆಂಡತಿ, ಅಳುತ್ತ ನನಗೆ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ಮಕ್ಕಳ ಬಾಯಿ ಮುಚ್ಚಿಸಿಯೇ ರಿಟೈರ್ ಆದವಳು ನಾನು. ಹೋಗಿ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತೆ. ಬಂದವರೆಲ್ಲ ಮಾತಾಡಿಸುವುದಕ್ಕಲ್ಲ, ಸುಮ್ಮನೆ ನೋಡಿಕೊಂಡು ಹೋಗುವುದಕ್ಕೆ ಎನ್ನುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ! ಅಷ್ಟೂ ಜನರನ್ನು ಬಂದ ದಾರಿಗೇ ಅಟ್ಟಿದೆ. ಅಯ್ಯನವರ ಫೋನನ್ನೂ ನಾನೇ ಇಟ್ಟುಕೊಂಡಿದ್ದೆ, ಆದರೆ ಫೋನಿಗೆ ಗೇಟು ಎಲ್ಲಿದೆ? ಸಭೆಯ ರೈತನೊಬ್ಬ ಫೋನ್ ಮಾಡಿ, ಬೋರ್ ಕೊರೆಯುವ ಲಾರಿ ಹೊಲಕ್ಕೆ ಬಂದು ನಿಂತಿದೆ, ಅಯ್ಯನವರಿಗೆ ಕೊಡಿ ಎಂದ. ಅವರು ಮಾತಾಡುವ ಹಾಗಿಲ್ಲ ಎಂದು ಗದರಿದೆ.

"ಮಾತಾಡಾದ್ ಬ್ಯಾಡ ಕಣಕ್ಕಾ," ಎಂದ ಆತ, ದಡ್ಡಿಗೆ ತಿಳಿಹೇಳುವವನ ತಾಳ್ಮೆಯಿಂದ. "ಬರೀ ಪ್ರಾರ್ಥ್ನೆ ಮಾಡ್ಲಿ, ಸಾಕು."

ಒಳಗೆ ಹೋಗಿ ಇದನ್ನು ಹೇಳಿದಾಗ ಅಯ್ಯನವರು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ನಕ್ಕು ಮುಗಿದ ಮೇಲೆ ಗೋಡೆಯ ಕಡೆ ತಿರುಗಿ ಕೂತವರು ಈ ಕಡೆ ತಿರುಗಲೇ ಇಲ್ಲ. ಅಮ್ಮನವರು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: ಅವರಿಗೆ ನಿದ್ದೆಯೇ ಇಲ್ಲ, ದನಿ ಹೋದರೆ ಮೂಗ ಪಾಸ್ಟರ್ ಯಾರಿಗೆ ಬೇಕು, ಸಭೆ ಬಿಟ್ಟು ಹೋಗಬೇಕಾಗುತ್ತದೆ ಎಂಬ ದಿಗಿಲು.

ಭಾನುವಾರ ಪ್ರಸಂಗವಿಲ್ಲ. ಹಿರಿಯರೊಬ್ಬರು ಬೈಬಲಿನ ವಾಕ್ಯ ಓದಿದರು, ಉಳಿದವರು ಶ್ರುತಿ ಬಿಟ್ಟು ಹಾಡಿದೆವು. ಆರಾಧನೆ ಮುಗಿದ ಮೇಲೆ ನಮ್ಮಲ್ಲೊಂದು ವಾಡಿಕೆ: ಎಲ್ಲರೂ ಸಾಲಾಗಿ ಬಂದು ತಲೆ ಬಾಗಿಸುತ್ತಾರೆ, ಅಯ್ಯನವರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮಂಡಿನೋವು, ಮಗಳ ಮದುವೆ, ಹೊಗೆಸೊಪ್ಪಿನ ರೇಟು, ಎಲ್ಲಕ್ಕೂ ಅಲ್ಲೇ ಅರ್ಜಿ. ಅವತ್ತು ಅದಿಲ್ಲವೆಂದು ನಾನು ಗಟ್ಟಿಯಾಗಿಯೇ ಹೇಳಿದ್ದೆ. ಆದರೂ ಹಳೆಯ ಅಭ್ಯಾಸ, ಜನ ಸಾಲು ನಿಂತೇಬಿಟ್ಟರು. ಎಲ್ಲರಿಗಿಂತ ಮುಂದೆ ನಮ್ಮ ಸಭೆಯ ಅತಿ ಹಿರಿಯ ಅಜ್ಜಿ. ಅಯ್ಯನವರು ಎದ್ದು ಬಂದು ಕೈ ಚಾಚಿದರು, ಬಾಯಿ ತೆರೆದರು, ಹಾಗೇ ನಿಂತರು. ಅವರ ಮುಖ ನೋಡಲಾಗಲಿಲ್ಲ.

ಅಜ್ಜಿ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಬಗ್ಗಪ್ಪಾ, ನಂಗೆ ಎಟುಕಕಿಲ್ಲ" ಎಂದಳು.

ಅವರು ಮಂಡಿಯೂರಿದರು. ಅಜ್ಜಿ ಅವರ ತಲೆಯ ಮೇಲೆ ಎರಡೂ ಕೈಯಿಟ್ಟಳು.

"ಕರ್ತನೇ, ಇವ್ನು ನಮ್ಗೋಸ್ಕರ ಕೂಗಿ ಕೂಗಿ ದಣ್ದವ್ನೆ. ನೀನು ದನಿ ಕೊಟ್ರೂ ಸರಿ, ಕೊಡ್ದಿದ್ರೂ ಸರಿ, ಇವ್ನು ನಮ್ಮವ್ನೆ. ನಾವಂತೂ ಎಲ್ಗೂ ಕಳ್ಸಕಿಲ್ಲ."

ಅಜ್ಜಿ ಸರಿದಳು, ಅವಳ ಹಿಂದಿದ್ದವರು ಬಂದು ಕೈಯಿಟ್ಟರು, ಅವರ ಹಿಂದಿನವರೂ ಬಂದರು. ಅಯ್ಯನವರು ಮಂಡಿಯ ಮೇಲೆಯೇ ಇದ್ದರು. ನನ್ನ ಸರದಿ ಬಂದಾಗ ಏನೇನೋ ಹೇಳಬೇಕೆಂದಿದ್ದೆ. ಒಂದು ಮಾತೂ ಹೊರಡಲಿಲ್ಲ. ಕೈಯಿಟ್ಟು, ಹಿಂದಿನವರು ತಳ್ಳುವವರೆಗೂ ಸುಮ್ಮನೆ ನಿಂತಿದ್ದೆ.