ಕೊಸರಿನ ಮರಿ

ಪ್ರತಿ ಶನಿವಾರ ಬೆಳಗ್ಗೆ ನಮ್ಮ ಹ್ಯಾಚರಿಯ ಗೇಟಿನ ಪಕ್ಕ, ಕಾವಲುಗಾರನ ಕುರ್ಚಿಯನ್ನು ಕಸಿದುಕೊಂಡು ನನ್ನ ಅತ್ತಿಗೆ ಕೂತಿರುತ್ತಾರೆ. ಮುಂದೆ ನಾಲ್ಕು ರಟ್ಟಿನ ಪೆಟ್ಟಿಗೆ, ಅವುಗಳ ತುಂಬ ಒಂದು ದಿನದ ಗಂಡು ಕೋಳಿಮರಿಗಳು. ಕೇಳಿದವರಿಗೆ ಬಿಟ್ಟಿ ಕೊಡುತ್ತಾರೆ. ಬಿಟ್ಟಿ ಅಂದಮಾತ್ರಕ್ಕೆ ಸುಮ್ಮನೆ ಕೊಟ್ಟುಬಿಡುತ್ತಾರೆ ಎಂದುಕೊಳ್ಳಬೇಡಿ. ಹೆಣ್ಣು ಕೊಡುವವರು ಗಂಡಿನ ಮನೆ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ರಾತ್ರಿ ಬೆಚ್ಚಗೆ ಎಲ್ಲಿಡ್ತೀರಿ, ಎಷ್ಟು ತಿಂಗಳು ಸಾಕ್ತೀರಿ, ಮನೇಲಿ ಬೆಕ್ಕಿದೆಯಾ. ಕಳೆದ ವಾರ ಒಬ್ಬ, "ಬೆಕ್ಕಿದೆ, ಆದ್ರೆ ತುಂಬಾ ಪಾಪದ್ದು" ಎಂದ. "ಹಾಗಾದ್ರೆ ಅದನ್ನೇ ಸಾಕ್ಕೊಳ್ಳಿ" ಎಂದು ಬರಿಗೈಯಲ್ಲಿ ಕಳಿಸಿದರು.

ನಾನು ಅವರ ನಾದಿನಿ, ಅವರ ಗಂಡನ ತಂಗಿ. ಒಂದೇ ಮನೆಯಲ್ಲಿ ಇದ್ದೇವೆ, ಒಂದೇ ಕಡೆ ದುಡಿಯುತ್ತೇವೆ. ನನ್ನನ್ನು ಇಲ್ಲಿಗೆ ಸೇರಿಸಿ ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡವರೇ ಅವರು. ಅವರು ಬಾಯಿ ಬಿಡುವುದು ಅಪರೂಪ, ನಾನು ಮುಚ್ಚುವುದು ಅಪರೂಪ. ಹಾಗಾಗಿ ಚೆನ್ನಾಗಿಯೇ ಹೊಂದಿಕೆಯಾಯಿತು. ಆದರೆ ನಾಲ್ಕು ವರ್ಷದ ಹಿಂದೆ ಮೇಜಿನ ರಾಣಿಯಾಗಿದ್ದವರು ಈಗ ಗೇಟಿಗೆ ಬಂದು ಕೂತದ್ದು ಹೇಗೆ ಎಂದು ಹೇಳಬೇಕಾದರೆ ನಾನು ಸ್ವಲ್ಪ ಸಿಟ್ಟು ಮಾಡಿಕೊಂಡೇ ಹೇಳಬೇಕು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮ ಕೆಲಸ ಮರಿ ಆರಿಸುವುದು. ಕಾವು ಕೊಡುವ ಯಂತ್ರದಲ್ಲಿ ಇಪ್ಪತ್ತೊಂದು ದಿನ ಇದ್ದ ಮೊಟ್ಟೆ ಒಡೆದು ಮರಿ ಹೊರಬಂದ ಬೆಳಗ್ಗೆ, ಐದು ಜನ ಹೆಂಗಸರು ಉದ್ದನೆಯ ತಗಡಿನ ಮೇಜಿಗೆ ಕೂರುತ್ತೇವೆ. ಮರಿಯನ್ನು ಎತ್ತಬೇಕು, ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಬೇಕು, ನೋಡಬೇಕು. ರೆಕ್ಕೆಯಂಚಿನಲ್ಲಿ ಎರಡು ಸಾಲು ಗರಿ ಇರುತ್ತದೆ. ಒಂದು ಸಾಲು ಉದ್ದ, ಒಂದು ಗಿಡ್ಡ ಇದ್ದರೆ ಹೆಣ್ಣು. ಎರಡೂ ಸಮ ಇದ್ದರೆ ಗಂಡು. ಹೆಣ್ಣು ಬಲಗಡೆಯ ಪೆಟ್ಟಿಗೆಗೆ, ಗಂಡು ಎಡಗಡೆಯ ಕೊಳವೆಗೆ. ಕಣ್ಣು ಮಿಟುಕಿಸುವುದರಲ್ಲಿ ಒಂದು ಮರಿ ಮುಗಿಯಬೇಕು. ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಅತ್ತಿಗೆ ಎಪ್ಪತ್ತು ಮರಿ ಆರಿಸಿರುತ್ತಿದ್ದರು.

ಹೆಣ್ಣು ದೊಡ್ಡದಾಗಿ ಮೊಟ್ಟೆ ಇಡುತ್ತದೆ. ಗಂಡು ಇಡುವುದಿಲ್ಲ. ಇದು ಮೊಟ್ಟೆಗೆಂದೇ ಬೆಳೆಸಿದ ತಳಿ, ಮೈಯಲ್ಲಿ ಮಾಂಸ ತುಂಬಬೇಕಾದರೆ ತಿಂಗಳುಗಟ್ಟಲೆ ಕಾಳು ಹಾಕಬೇಕು. ಅಷ್ಟು ಕಾಳು ಬೆಳೆಯಲು ಎಷ್ಟು ಹೊಲ, ಎಷ್ಟು ನೀರು! ಯಾರೂ ಸಾಕುವುದಿಲ್ಲ. ಹಾಗಾಗಿ ಕೊಳವೆಯ ಆ ತುದಿಯಲ್ಲಿ ಒಂದು ಯಂತ್ರವಿದೆ. ಅಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳುವುದು ಬೇಡ, ಕ್ಷಣದ ಕೆಲಸ. ಅಲ್ಲಿ ಉಳಿದದ್ದು, ಒಡೆದ ಮೊಟ್ಟೆಚಿಪ್ಪು, ಮರಿಯಾಗದ ಮೊಟ್ಟೆ ಎಲ್ಲ ಹಿತ್ತಲಿನ ಗುಂಡಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಆ ಗುಂಡಿಯ ವಾಸನೆ ನಮ್ಮ ಬುತ್ತಿ ಡಬ್ಬಿಯೊಳಗೂ ಬರುತ್ತಿತ್ತು. ಕೆಳಗಿನ ಹಳ್ಳದ ಪಕ್ಕದ ಮನೆಗಳವರು ನೊಣಕ್ಕೂ ನಾತಕ್ಕೂ ರೋಸಿ ಹ್ಯಾಚರಿಯ ಯಜಮಾನರ ಮೇಲೆ ದೂರು ಕೊಟ್ಟಿದ್ದರು.

ಒಂದು ಮೊಟ್ಟೆಕೋಳಿಯ ಹಿಂದೆ ಒಂದು ಗಂಡುಮರಿ ಹೀಗೆ ಹೋಗಿರುತ್ತದೆ. ಇದು ಗೊತ್ತಿದ್ದೂ ನಾನು ದಿನಾ ಬೆಳಗ್ಗೆ ಎರಡು ಮೊಟ್ಟೆ ತಿನ್ನುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅತ್ತಿಗೆ ಭಾನುವಾರ ಮಾತ್ರ ಒಂದು ತಿನ್ನುತ್ತಿದ್ದರು. ಯಾಕೆ ಅಂದರೆ, "ಅಷ್ಟು ಸಾಕು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಿಸಲು ಯಾರಪ್ಪನ ಕೈಲೂ ಆಗುತ್ತಿರಲಿಲ್ಲ.

ಈಗ ಕೊಸರಿನ ವಿಷಯ. ಪೆಟ್ಟಿಗೆಗೆ ನಾಲ್ಕು ಖಾನೆ, ಖಾನೆಗೆ ಇಪ್ಪತ್ತೈದರಂತೆ ನೂರು ಹೆಣ್ಣುಮರಿ. ಅದರ ಮೇಲೆ ಎರಡು ಕೊಸರು. ಸೊಪ್ಪಿನವಳು ತೂಗಿದ ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತಾಳಲ್ಲ, ಹಾಗೆ. ದಾರಿಯಲ್ಲಿ ಒಂದೆರಡು ಸತ್ತರೂ ಕೊಂಡವರಿಗೆ ನೂರು ಸಿಗಲಿ ಎಂದು ಯಜಮಾನರ ತಂದೆಯ ಕಾಲದಿಂದ ಬಂದ ಪದ್ಧತಿ. ಪೆಟ್ಟಿಗೆಯ ಮೇಲೆ ಆರಿಸಿದವರ ಗುರುತು ಏನೂ ಇರುತ್ತಿರಲಿಲ್ಲ, ಐವರದೂ ಒಟ್ಟಿಗೆ ಲಾರಿಗೆ ಹೋಗುತ್ತಿತ್ತು.

ಕೊಂಡವರಿಂದ ಆಗಾಗ ದೂರು ಬರುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಮರಿಗಳಲ್ಲಿ ಒಂದು ಜುಟ್ಟು ಬಿಟ್ಟುಕೊಂಡು ಕೂಗತೊಡಗಿತು ಎಂದು. ಗಂಡು ಬಂದಿದೆ ಅಂದರೆ ಯಾರದೋ ಕೈ ತಪ್ಪಿದೆ. ಯಾರದು? ಅತ್ತಿಗೆಯದು ಅನ್ನುವ ಮಾತೇ ಇಲ್ಲ, ಅವರ ಕೈ ತಪ್ಪದು ಎಂದು ಊರಿಗೇ ಗೊತ್ತು. ಉಳಿದ ಮೂವರು ತಲೆ ತಗ್ಗಿಸಿ ಕೆಲಸ ಮಾಡುವವರು. ಇನ್ನು ಉಳಿದದ್ದು ನಾನು. ರೆಕ್ಕೆ ಬಿಡಿಸುತ್ತಲೇ ಸಿನಿಮಾ ಕಥೆ ಹೇಳುವವಳು, ಮೇಸ್ತ್ರಿಯ ಜೊತೆ ಜಗಳಕ್ಕೆ ನಿಲ್ಲುವವಳು.

"ಬಾಯಿ ಒಂದ್ಕಡೆ, ಕಣ್ಣು ಒಂದ್ಕಡೆ ಇದ್ರೆ ಇನ್ನೇನಾಗುತ್ತೆ?" ಎಂದ ಮೇಸ್ತ್ರಿ. ಲಾರಿಗೆ ಪೆಟ್ಟಿಗೆ ಹೇರುವವನು ಒಂದು ದಿನ ನನ್ನನ್ನು 'ಹುಂಜಮ್ಮ' ಎಂದು ಕರೆದ. ಅವನಿಗೆ ನಾನು ತಿರುಗಿಸಿ ಕೊಟ್ಟ ಮಾತು ಇಲ್ಲಿ ಬರೆಯುವಂಥದ್ದಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಸರು ಮಾತ್ರ ಅಂಟಿಕೊಂಡಿತು. ಎಂಟು ವರ್ಷ ಅಂಟಿಕೊಂಡಿತು.

ನಗುತ್ತಿದ್ದೆ ನಿಜ. ಆದರೆ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತದ್ದೂ ಉಂಟು. ನನಗೆ ಓದು ಹತ್ತಲಿಲ್ಲ, ಅಡುಗೆ ಅಷ್ಟಕ್ಕಷ್ಟೇ, ನೆಟ್ಟಗೆ ಬಂದದ್ದು ಇದೊಂದೇ ವಿದ್ಯೆ. ಅದೂ ಬರುವುದಿಲ್ಲ ಅಂದರೆ? ನನ್ನ ಬೆರಳುಗಳನ್ನೇ ನಾನು ನಂಬದಾದೆ. ಒಂದೊಂದು ಮರಿಯ ರೆಕ್ಕೆಯನ್ನು ಎರಡೆರಡು ಸಲ ಬಿಡಿಸಿ ನೋಡಿ, ಎಲ್ಲರಿಗಿಂತ ಹಿಂದೆ ಬಿದ್ದು, ಅದಕ್ಕೂ ಬೈಸಿಕೊಂಡೆ. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. "ನಿಮ್ಮದು ಹದ್ದಿನ ಕಣ್ಣು ಕಣಮ್ಮ, ಏನೂ ದೋಷ ಇಲ್ಲ" ಎಂದರು ಅವರು. ಬಿಡದೆ ಪೀಡಿಸಿ ಒಂದು ಕನ್ನಡಕ ಬರೆಸಿಕೊಂಡೆ. ಅವತ್ತು ನನ್ನ ಜೊತೆಗೆ ಬಂದಿದ್ದವರು ಅತ್ತಿಗೆ. ಪಕ್ಕದ ಬೆಂಚಿನಲ್ಲಿ ಕೂತು, ಸೆರಗಿನ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು.

ಆಮೇಲೆ ಒಬ್ಬ ದೊಡ್ಡ ಗಿರಾಕಿ ಬಂದ. ಅವನ ಶೆಡ್ಡಿನಲ್ಲಿ ಪಂಜರದ ಮೇಲೆ ಪಂಜರ, ಒಂದೊಂದು ಕೋಳಿಗೂ ಅಂಗೈಯಗಲದ ಜಾಗ. ಅಲ್ಲಿ ಹುಂಜ ಕೂಗಿದರೆ ಅವನಿಗೆ ತಲೆ ಕೆಡುತ್ತದೆ. ಇನ್ನೊಂದು ಹುಂಜ ಸಿಕ್ಕಿದರೆ ಬೇರೆ ಹ್ಯಾಚರಿ ನೋಡಿಕೊಳ್ಳುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿಹೋದ. ಯಜಮಾನರು ಅದೇ ಬಿಸಿಯಲ್ಲಿ ನಮ್ಮ ಕೋಣೆಗೆ ಬಂದು, "ಯಾರದ್ದು?" ಎಂದರು. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು.

"ಸೋಮವಾರದಿಂದ ನೀನು ಟ್ರೇ ತೊಳೆಯೋಕೆ ಹೋಗು" ಎಂದರು.

ಯಾವ ಕೆಲಸವೂ ಕೀಳಲ್ಲ, ನನಗೂ ಗೊತ್ತು. ಆದರೆ ಹನ್ನೆರಡು ವರ್ಷ ಕೂತ ಮೇಜಿನಿಂದ, ಕೈ ಸರಿಯಿಲ್ಲ ಎಂದು ಎಬ್ಬಿಸಿ ಕಳಿಸಿದರೆ ಹೇಗಿರುತ್ತದೆ ಹೇಳಿ. ಅವತ್ತು ಸಂಜೆ ನಾನು ಊಟ ಮಾಡಲಿಲ್ಲ. ಅತ್ತಿಗೆಯೂ ಮಾಡಲಿಲ್ಲ. ಅಣ್ಣನೊಬ್ಬ ಇಬ್ಬರ ಮುಖವನ್ನೂ ನೋಡುತ್ತ ಮೂರು ಜನರ ಊಟ ಮುಗಿಸಿದ.

ಮಾರನೆಯ ಬೆಳಗ್ಗೆ ಅತ್ತಿಗೆ ನನ್ನ ಕೈ ಹಿಡಿದುಕೊಂಡು ನೇರವಾಗಿ ಯಜಮಾನರ ಕೋಣೆಗೆ ನುಗ್ಗಿದರು. "ಆ ಹುಂಜಗಳು ನಂದು. ನಾನೇ ಹಾಕ್ತಿದ್ದೆ. ಪೆಟ್ಟಿಗೆಗೊಂದು, ಬೇಕು ಅಂತಾನೇ" ಎಂದರು.

ಯಜಮಾನರು ಗಹಗಹಿಸಿ ನಕ್ಕರು. "ನಾದಿನಿ ಮೇಲೆ ಪ್ರೀತಿ ಇರ್ಲಮ್ಮ. ಅದಕ್ಕೆ ಹೀಗೆಲ್ಲ ಸುಳ್ಳು ಹೇಳೋದಾ?"

ನೋಡಿ, ಒಳ್ಳೆಯ ಹೆಸರಿನ ಅವಾಂತರ! ನಿಜ ಹೇಳಿದರೂ ನಂಬುವವರಿಲ್ಲ. ಅತ್ತಿಗೆ ಅವರನ್ನು ಲಾರಿ ನಿಲ್ಲುವ ಕಡೆಗೆ ಕರೆದೊಯ್ದರು. ಹಿಂದಿನ ದಿನ ತಾವು ಆರಿಸಿದ ಪೆಟ್ಟಿಗೆಗಳನ್ನು ಅವರೇ ತೋರಿಸಿದರು. ಯಾವ ಗುರುತೂ ಇಲ್ಲದ ಪೆಟ್ಟಿಗೆಗಳಲ್ಲಿ ತಮ್ಮವು ಯಾವುವು ಎಂದು ಅವರಿಗೆ ಗೊತ್ತಿತ್ತು, ದಾರ ಕಟ್ಟುವ ಗಂಟು ಅವರದೇ ಬೇರೆ. ಮುಚ್ಚಳ ತೆಗೆದು, ಮೂಲೆಯ ಖಾನೆಗೆ ಕೈ ಹಾಕಿ, ಒಂದು ಮರಿ ಎತ್ತಿ ರೆಕ್ಕೆ ಬಿಡಿಸಿದರು. ಎರಡು ಸಾಲೂ ಸಮ. ಎರಡನೆಯ ಪೆಟ್ಟಿಗೆಯಲ್ಲೂ ಒಂದು, ಮೂರನೆಯದರಲ್ಲೂ ಒಂದು. ಆರು ಪೆಟ್ಟಿಗೆಗೆ ಆರು. ಆಮೇಲೆ ಗಂಟು ನೋಡಿಯೇ ನನ್ನ ಆರು ಪೆಟ್ಟಿಗೆಗಳನ್ನೂ ಗುರುತಿಸಿ ಬಿಚ್ಚಿಸಿದರು, ಯಜಮಾನರೇ ಕೂತು ಒಂದೊಂದೂ ಮರಿ ನೋಡಿದರು. ಆರುನೂರ ಹನ್ನೆರಡು ಮರಿ. ಒಂದೇ ಒಂದು ಗಂಡಿಲ್ಲ.

ನಾನು ಅಲ್ಲೇ ಒಂದು ಮೂಟೆಯ ಮೇಲೆ ಕೂತುಬಿಟ್ಟೆ.

"ಗಿರಾಕಿಗೆ ಮೋಸ ಅಲ್ವೇನಮ್ಮ ಇದು?" ಎಂದರು ಯಜಮಾನರು.

"ಮೋಸ ಎಲ್ಲಿ? ನೂರು ಹೆಣ್ಣು ನೂರೂ ಇದೆ. ಕೊಸರಲ್ಲಿ ಒಂದು ಹೆಣ್ಣು, ಒಂದು ಗಂಡು. ಕೊಸರು ಕೊಟ್ಟೋರ ಇಷ್ಟ."

"ಕೊನೆಗೆ ಅವರೇನು ಅದನ್ನ ಪೂಜೆ ಮಾಡ್ತಾರಾ? ಕೊಯ್ದು ತಿಂತಾರೆ."

"ತಿನ್ಲಿ, ಯಜಮಾನ್ರೇ. ನಾಲ್ಕು ದಿನ ಬಿಸಿಲು ನೋಡಿ, ಮಣ್ಣು ಕೆದರಿ, ಯಾರದೋ ಹೊಟ್ಟೆಗೆ ಹೋಗ್ಲಿ. ತಿನ್ನೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹುಟ್ಟಿದ ದಿನಾನೇ ಕಸ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ. ನಾನು ಹೇಳ್ಬೇಕಾಗಿರ್ಲಿಲ್ಲ, ನನ್ನ ಕೈ ದಿನಾ ಹೇಳ್ತಿತ್ತು."

ಇಷ್ಟು ಉದ್ದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಮೊದಲು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗುಂಡಿಯ ವಾಸನೆಗೆ ಹಳ್ಳದ ಕಡೆಯವರು ಕೊಟ್ಟ ದೂರು ನೆನಪಿಸಿ, ವಾರಕ್ಕೊಂದು ದಿನ ಗಂಡುಮರಿಗಳನ್ನು ಸಾಕುವವರಿಗೆ ಬಿಟ್ಟಿ ಕೊಡಿ, ಗುಂಡಿಯ ಹೊರೆಯೂ ಇಳಿಯುತ್ತೆ, ನಿಮ್ಮ ತಲೆಯ ಹೊರೆಯೂ ಇಳಿಯುತ್ತೆ ಎಂದರು. ಯಜಮಾನರು ಗಡ್ಡ ಕೆರೆದುಕೊಂಡು ಯೋಚಿಸಿದರು. ಆಗಲಿ, ನೋಡೋಣ ಎಂದರು. ಈ ಶನಿವಾರದ ಗೇಟು ಶುರುವಾದದ್ದು ಅಲ್ಲಿಂದಲೇ. ಆಮೇಲೆ ದನಿ ಇಳಿಸಿ, "ಈ ವಿಷಯ ನಮ್ಮ ಮೂವರಲ್ಲೇ ಇರ್ಲಿ. ನಿಮ್ಮ ಕೈ ನಂಬಿ ಜನ ಬರ್ತಾರೆ. ಇನ್ಮೇಲೆ ಹಾಕ್ಬೇಡಿ, ಅಷ್ಟೇ. ನಾದಿನಿ ಮೇಜಲ್ಲೇ ಇರ್ಲಿ" ಎಂದರು.

ಎಲ್ಲ ಸುಖವಾಗಿ ಮುಗಿಯಿತಲ್ಲ? ಅತ್ತಿಗೆಯ ಮುಖ ಹಗುರಾಯಿತು. ನನ್ನ ಸಿಟ್ಟು ಮಾತ್ರ ಆಗಷ್ಟೇ ಶುರುವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ಎಂಟು ವರ್ಷ ಬರೆ ಹಾಕುವುದನ್ನು ನೋಡುತ್ತಿತ್ತು! ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತೆ.

"ಮರಿಗೆ ನೋವಾಗುತ್ತೆ ಅಂತ ನಿಮಗೆ ಗೊತ್ತಾಯ್ತು. ನಂಗೆ ನೋವಾಗುತ್ತೆ ಅಂತ ಗೊತ್ತಾಗ್ಲಿಲ್ವಾ ಅತ್ತಿಗೆ?"

ಅವರು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. "ನೀನು ನಗ್ತಿದ್ದೆ ಕಣೇ. ಒಂದಕ್ಕೆ ಹತ್ತು ತಿರುಗಿಸಿ ಕೊಡ್ತಿದ್ದೆ. ನಿಂಗೆ ತಾಗಲ್ಲ ಅಂದ್ಕೊಂಡಿದ್ದೆ."

"ಕಣ್ಣಿನ ಡಾಕ್ಟರ ಹತ್ರ ಬಂದಿದ್ರಲ್ಲ? ಅಲ್ಲೂ ನಗ್ತಿದ್ನಾ?"

ಅವರು ಅಲ್ಲೇ ನೆಲದ ಮೇಲೆ ಕೂತು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕಿತ್ತು ಅಂತ ಈಗಲೂ ಅನ್ನಿಸುವುದಿಲ್ಲ.

ಮರುದಿನ ಹತ್ತು ಗಂಟೆಯ ಚಹಾದ ಹೊತ್ತು. ಆರಿಸುವವರು, ಹೇರುವವರು, ತೊಳೆಯುವವರು, ಮೇಸ್ತ್ರಿ, ಎಲ್ಲರೂ ಲೋಟ ಹಿಡಿದು ನಿಂತಿದ್ದಾಗ ಅತ್ತಿಗೆ ತಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತರು. ಮೊಣಕಾಲು ನೋವಿನವರು, ಬಿದ್ದಾರು ಎಂದು ಒಬ್ಬಳು ಸ್ಟೂಲು ಹಿಡಿದುಕೊಂಡಳು.

"ಎಲ್ಲರೂ ಕೇಳಿ. ಎಂಟು ವರ್ಷ ಪೆಟ್ಟಿಗೇಲಿ ಗಂಡು ಹಾಕಿದೋಳು ನಾನು. ನನ್ನ ನಾದಿನಿ ಕೈ ಒಂದು ದಿನಾನೂ ತಪ್ಪಿಲ್ಲ. ಅವಳಿಗೆ ಬೈತಿದ್ದಾಗ ನಾನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡು ಸುಮ್ನಿದ್ದೆ. ಅದು ನನ್ನ ತಪ್ಪು."

ನನಗೆ ಹೆಸರಿಟ್ಟಿದ್ದ ಆ ಹೇರುವವನು ಮೆಲ್ಲಗೆ, "ಅಯ್ಯೋ, ನೀವಾ ಅಕ್ಕ?" ಎಂದ.

"ನಾನೇ. ಅವಳಿಗೆ ನೀನಿಟ್ಟ ಹೆಸರು ನಂದು. ಇನ್ಮೇಲೆ ನನ್ನನ್ನ ಕರಿ."

ಅವನು ಕರೆಯಲಿಲ್ಲ. ಲೋಟದೊಳಗೆ ನೋಡುತ್ತ ನಿಂತ. ಮೇಸ್ತ್ರಿ ಕೆಮ್ಮಿದ. ಊರಿಡೀ ಕೊಂಡಾಡುತ್ತಿದ್ದ ಹೆಸರು ಒಂದು ನಿಮಿಷದಲ್ಲಿ ಹೋಗಿತ್ತು. ದೊಡ್ಡ ಗಿರಾಕಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ, ಆಮೇಲೆ ಯಜಮಾನರಾದರೂ ಅವರನ್ನು ಮೇಜಿನಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ? ಅತ್ತಿಗೆಗೂ ಅದು ಗೊತ್ತಿತ್ತು. ಸ್ಟೂಲಿನಿಂದ ಇಳಿದರು, ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟರು, ಯಾರೂ ಹೇಳುವ ಮೊದಲೇ ಟ್ರೇ ತೊಳೆಯುವ ಕೋಣೆಗೆ ನಡೆದರು.

ಒಂದು ವಾರ ಮಾತು ಬಿಡಬೇಕು ಎಂದು ನಾನು ರಾತ್ರಿಯೇ ತೀರ್ಮಾನಿಸಿದ್ದೆ. ಲೋಟ ಇಟ್ಟು ಅವರ ಹಿಂದೆಯೇ ಹೋದೆ. ಬಿಸಿನೀರಿನ ಆವಿಯಲ್ಲಿ ಅವರು ಆಗಲೇ ಸೆರಗು ಸಿಕ್ಕಿಸಿ ಬ್ರಷ್ ಹಿಡಿದಿದ್ದರು. ನಾನೂ ಒಂದು ಟ್ರೇ ಎಳೆದುಕೊಂಡೆ.

"ನಿಂಗೇನೇ ಇಲ್ಲಿ ಕೆಲಸ? ಹೋಗಿ ಮೇಜಿಗೆ ಕೂರು" ಎಂದರು.

"ಚಹಾ ಹೊತ್ತು ಮುಗಿಯೋಕೆ ಇನ್ನೂ ಐದು ನಿಮಿಷ ಇದೆ" ಎಂದೆ.

ಅವರು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಆ ಐದು ನಿಮಿಷ ಇಬ್ಬರೂ ಟ್ರೇ ತೊಳೆದೆವು.